ಅಂಜಿಕೆಯ ಮಣೆಯಿಂದ, ಕಿಂಡಿ ಆರಿಸುವವರಿಗೆ

ಹಿರೇಮಗ್ಗದ ಓಣಿ, ಗುಳೇದಗುಡ್ಡ.
ಫೆಬ್ರವರಿ ಮೂವತ್ತು, ಇಸವಿ ೨೨೧೪.

ಹಿರಿಯರಾದ ನಿಮಗೆಲ್ಲ ಗುರಸಿದ್ದವ್ವ ಮಾಡುವ ಶರಣಾರ್ಥಿ. ಮೇಲೆ ಬರೆದ ತಾರೀಖು ನೋಡಿ, ಯಾರದೋ ಚೇಷ್ಟೆ ಎಂದು ಕಾಗದ ಎತ್ತಿಡಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತನೆಯ ದಿನ ಇರಲಿಲ್ಲವೆಂದು ಕೇಳಿದ್ದೇನೆ. ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿದ್ದಾರೆ. ಮಿಕ್ಕಿ ಉಳಿದ ದಿನಗಳನ್ನು ಬೇಸಿಗೆಯಲ್ಲಿ ಮಗ್ಗ ಬಿಚ್ಚಿ ಒರೆಸುವುದಕ್ಕೆ ಬಿಟ್ಟಿದ್ದಾರೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರ ಅನಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ಒಂದು ಕಾರಣ, ನಡುವೆ ಇಷ್ಟೊಂದು ವರ್ಷ ಸರಿದಿವೆ. ಇನ್ನೊಂದು ಕಾರಣ, ನನ್ನ ಓದು ತುಂಡು ತುಂಡಾಗಿ ಆದದ್ದು. ನಾನು ಚಿಕ್ಕವಳಿದ್ದಾಗ ಬಿಸಿಲು ರಜೆ ಎಂದು ಕೊಡುತ್ತಿದ್ದರು. ಬಿಸಿಲು ಇಳಿಯುವ ತನಕ ಶಾಲೆ ಮುಚ್ಚುವುದು. ಕೆಲವು ವರ್ಷ ಬಿಸಿಲು ಇಳಿಯಲೇ ಇಲ್ಲ. ಹಾಗಾಗಿ ಒತ್ತಕ್ಷರದಿಂದ ಮುಂದಿನದನ್ನು ನಾನು ಕಲಿತಿದ್ದು ಮಗ್ಗದ ಪಕ್ಕ ಕೂತು, ಅವರಿವರನ್ನು ಕೇಳಿ.

ಈ ವರ್ಷದ ನೇಯ್ಗೆಯ ಪಂದ್ಯದಲ್ಲಿ ನಾವು ಗೆದ್ದೆವು ಎಂದು ಮೊದಲೇ ಹೇಳಿಬಿಡುತ್ತೇನೆ. ಕೊನೆ ಏನಾಯಿತೋ ಎಂದುಕೊಂಡು ಕಾಗದ ಓದುವುದಿದ್ದರೆ ನಾನು ಮೊದಲು ಕೊನೆಯ ಪುಟವನ್ನೇ ತಿರುಗಿಸಿ ನೋಡುವವಳು. ನಿಮ್ಮಲ್ಲೂ ನನ್ನಂಥವರು ಇರಬಹುದು. ಗೆದ್ದ ಓಣಿಗೆ ಹಿಂದಿನ ಟಪಾಲಿನಲ್ಲಿ ಒಂದು ಕಾಗದ ಕಳಿಸುವ ಹಕ್ಕು ಸಿಗುತ್ತದೆ. ಹಿಂದಿನ ಟಪಾಲು ಎಂದರೆ ಆಗಿಹೋದ ಕಾಲಕ್ಕೆ ಹೋಗುವ ಟಪಾಲು. ಅದು ಹೇಗೆ ಹೋಗುತ್ತದೆ ಎಂದು ನನಗೆ ಗೊತ್ತಿಲ್ಲ. ಗೊತ್ತಿದೆ ಅನ್ನುವವರನ್ನು ಕೇಳಿದೆ, ಅವರಿಗೂ ಗೊತ್ತಿಲ್ಲವೆಂದು ಅವರ ಮುಖ ನೋಡಿ ತಿಳಿಯಿತು. ಅದಕ್ಕೇ ಇದು ನಿಮ್ಮನ್ನು ಮುಟ್ಟಲಿಕ್ಕಿಲ್ಲ, ಮುಟ್ಟಿದರೂ ಒದ್ದೆಯಾಗಿರಬಹುದು, ತಪ್ಪು ಮನೆಗೆ ಹೋಗಿರಬಹುದು ಎಂದು ನಾನು ಹೆದರುತ್ತಲೇ ಬರೆಯುತ್ತಿದ್ದೇನೆ.

ನೀವು ಬ್ರೌಸರ್ ಅನ್ನುತ್ತಿದ್ದುದನ್ನು ನಾವು ಕಿಂಡಿ ಅನ್ನುತ್ತೇವೆ. ಅದರೊಳಗಿಂದ ನಾವು ಲೋಕ ನೋಡುತ್ತೇವೆ, ಅದೇ ಕಿಂಡಿಯಿಂದ ಲೋಕವೂ ನಮ್ಮನ್ನು ನೋಡುತ್ತದೆ. ನಿಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ಇತ್ತಂತೆ, ಬೇಸರವಾದರೆ ಚಹಾ ಕುಡಿಯುವಷ್ಟರಲ್ಲಿ ಬದಲಿಸುತ್ತಿದ್ದಿರಂತೆ. ಅದನ್ನು ಕೇಳಿದಾಗ ನನಗೆ ಹೊಟ್ಟೆಕಿಚ್ಚಾಯಿತು. ನಮ್ಮಲ್ಲಿ ಓಣಿಯ ಮಗ್ಗಗಳನ್ನೆಲ್ಲ ಒಂದೇ ಕಿಂಡಿಗೆ ಕಟ್ಟಿರುತ್ತಾರೆ. ನಾವು ನೇಯುವ ರವಿಕೆ ಬಟ್ಟೆಗೆ, ಅಂದರೆ ಖಣಕ್ಕೆ, ಬೇಕಾದ ಕುಸುರಿಯನ್ನು ಕಿಂಡಿಯಲ್ಲಿ ಬರೆದರೆ ಮಗ್ಗ ಅದನ್ನು ನೋಡಿ ನೇಯುತ್ತದೆ. ಒಮ್ಮೆ ಕಟ್ಟಿದರೆ ಏಳು ವರ್ಷ ಬಿಚ್ಚುವಂತಿಲ್ಲ. ಒಗ್ಗದ ಕಿಂಡಿ ಎಂದರೆ ಒಗ್ಗದ ಮನೆಗೆ ಬಿದ್ದಂತೆ, ಬೆಳಗಾದರೆ ಅದರದೇ ಮುಖ.

ಇದನ್ನು ಆರಿಸುವುದಕ್ಕೆ ನಮ್ಮೂರಲ್ಲಿ ಒಂದು ಪದ್ಧತಿ ಇದೆ. ಓಣಿಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಜುವವರು ಯಾರೋ ಅವರನ್ನು ಅಂಜಿಕೆಯ ಮಣೆ ಎಂಬ ಮಣೆಯ ಮೇಲೆ ಕೂರಿಸಿ, ಆರಿಸುವ ಕೆಲಸ ಕೊಡುತ್ತಾರೆ. ಧೈರ್ಯದವರು ಏನು ಕೇಳಿದರೂ ‘ಒಪ್ಪಿದೆ’ ಎಂದು ಒತ್ತಿಬಿಡುತ್ತಾರೆ, ಅಂಜುವವರು ಪೂರ್ತಿ ಓದುತ್ತಾರೆ ಎಂಬುದು ಅದರ ಹಿಂದಿನ ವಿಚಾರ. ಹಿಂದಿನ ಸಲ ನಮ್ಮ ಓಣಿಯವರು ಪದ್ಧತಿ ಬಿಟ್ಟು ದುಂಡಪ್ಪ ಕಾಕಾನ ಮಾತು ಕೇಳಿದರು. ಆತ ಒಳ್ಳೆಯ ಮನುಷ್ಯ, ಆದರೆ ಆತನಿಗೆ ಯಾವುದಕ್ಕೂ ಭಯವಿಲ್ಲ. ಆತ ಆರಿಸಿದ ಕಿಂಡಿ ನೋಡಲು ಬಲು ಚಂದ ಇತ್ತು. ಆಗ ನನ್ನ ತಮ್ಮನ ಹೆಂಡತಿ ಕಾಶವ್ವ ಹೊಸ ಕುಸುರಿ ಬರೆಯುತ್ತಿದ್ದಳು. ಒಡೆದ ದಾಳಿಂಬೆ, ಅದರ ಒಂದೊಂದು ಬೀಜದಲ್ಲಿ ಒಂದೊಂದು ಸಣ್ಣ ಹಕ್ಕಿ. ಮೊದಲ ಖಣ ಇನ್ನೂ ಮಗ್ಗದಿಂದ ಇಳಿದಿರಲಿಲ್ಲ. ಒಂದು ಬೆಳಿಗ್ಗೆ ನಮ್ಮ ಬಾಗಿಲಿಗೆ ಕರೆಯದ ಬಂಡಿ ಬಂತು. ಕರೆಯದ ಬಂಡಿ ಎಂದರೆ ಆಳಿಲ್ಲದೆ ತಾನೇ ನಡೆಯುವ ಮಾರಾಟದ ಬಂಡಿ. ನೀವು ಕಿಂಡಿಯಲ್ಲಿ ಏನು ನೋಡಿದಿರೋ ಅದನ್ನೇ ಹೇರಿಕೊಂಡು, ನಿಮ್ಮ ಪೂರ್ತಿ ಹೆಸರು ಹಿಡಿದು ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತದೆ. ಅವತ್ತು ಅದು ಕಾಶವ್ವನ ಹೆಸರು ಕೂಗಿ ಬಾಗಿಲು ತೆರೆಸಿ, ಕಾಶವ್ವನದೇ ದಾಳಿಂಬೆ ಕುಸುರಿಯ ಖಣವನ್ನು ಕಾಶವ್ವನಿಗೇ ಮಾರುವುದಕ್ಕೆ ಹಿಡಿದು ತೋರಿಸಿತು. ಅವಳು ಬರೆದದ್ದನ್ನು ಕಿಂಡಿ ಯಾರಿಗೋ ಕೊಟ್ಟು, ಅವರು ಮೊದಲೇ ನೇಯ್ದುಬಿಟ್ಟಿದ್ದರು.

ಅವಳು ಅಳಲಿಲ್ಲ. ಖಣ ಮುಟ್ಟಿ ನೋಡಿ, “ದಡಿ ಸರಿ ಬಂದಿಲ್ಲ” ಅಂದಳು, ಒಳಗೆ ಹೋದಳು. ಅಲ್ಲಿಂದ ಏಳು ವರ್ಷ ಹೊಸ ಕುಸುರಿ ಬರೆಯಲೇ ಇಲ್ಲ, ಹಳೆಯವನ್ನೇ ನೇಯ್ದಳು. ಹೋದ ವರ್ಷ ಕಿಂಡಿ ಬದಲಿಸುವ ಕಾಲ ಬಂದಾಗ, ಹಿಟ್ಟು ನಾದುತ್ತಾ ನನ್ನ ಕಡೆ ನೋಡದೆ ಹೇಳಿದಳು, “ಅಕ್ಕಾ, ತಲ್ಯಾಗ ಒಂದು ಕುಸುರಿ ಬಂದು ಕುಂತೈತಿ. ಈ ಸಲ ಕಿಂಡಿ ನೀ ಆರಿಸಿದ್ರ ಬರೀತೀನಿ. ಇಲ್ಲಂದ್ರ ತಲ್ಯಾಗ ಇರಲಿ.” ಅವಳಿಗೆ ಹೂಂ ಅನ್ನದೆ ಬೇರೆ ದಾರಿ ಇರಲಿಲ್ಲ. ಓಣಿಯ ಸಭೆಯಲ್ಲಿ ಮಣೆಗೆ ಎರಡನೆಯ ಹೆಸರೇ ಬರಲಿಲ್ಲ. ಪಕ್ಕದ ಮನೆಯ ಸಾವಂತ್ರೆವ್ವ ಅತ್ತಿ ಎದ್ದು ನಿಂತು, “ಗುರಸಿದ್ದಿ ಹಾಲು ಉಕ್ಕೂಕಿನ ಮೊದಲ ಒಲಿ ಆರಸಾಕಿ. ಆಕೀಗಿಂತ ಅಂಜಾಕಿನ್ನ ಎಲ್ಲಿಂದ ತರೂಣು?” ಅಂದಳು. ದುಂಡಪ್ಪ ಕಾಕಾ, “ಈಕಿ ಆರಿಸೂದರಾಗ ನಮ್ಮ ಮಗ್ಗಕ್ಕ ಗೆದ್ದಲ ಹತ್ತತೈತಿ” ಎಂದು ನಕ್ಕ. ಎಲ್ಲರೂ ನಕ್ಕರು. ನಾನೂ ನಕ್ಕೆ, ಗೆದ್ದಲು ಹತ್ತೀತೇನೋ ಎಂದು ಹೆದರಿಕೊಂಡೇ.

ಆ ಸಲ ಮೂರು ಕಿಂಡಿ ಬಂದಿದ್ದವು. ಮಿಂಚು, ಬಂಡೆ, ಸೆರಗು ಎಂದು ಅವುಗಳ ಹೆಸರು. ದುಂಡಪ್ಪ ಕಾಕಾನಿಗೆ ಮೊದಲ ನೋಟದಲ್ಲೇ ಮಿಂಚು ಹಿಡಿಸಿತು. ಮುಟ್ಟುವ ಮೊದಲೇ ತೆರೆಯುತ್ತಿತ್ತು, ಹಬ್ಬದ ಮನೆಯ ಹಾಗೆ ಹೊಳೆಯುತ್ತಿತ್ತು. ಆದರೆ ಪದ್ಧತಿಯ ಪ್ರಕಾರ ಮೊದಲು ಸಂತೆ ಪರೀಕ್ಷೆ. ಸುಡುಮಧ್ಯಾಹ್ನ, ಊರ ಕರೆಂಟು ಏದುಸಿರು ಬಿಡುವ ಹೊತ್ತಿನಲ್ಲಿ, ಓಣಿಯ ಎಲ್ಲರೂ ಒಟ್ಟಿಗೆ ಕಿಂಡಿಗೆ ಬಿದ್ದು ಸಿಕ್ಕಿದ್ದನ್ನೆಲ್ಲ ತೆರೆಯುವುದು. ಮಿಂಚು ಸ್ವಲ್ಪ ಹೊತ್ತು ಓಡಿ ದೊಪ್ಪನೆ ಬಿತ್ತು. ಮತ್ತೆ ಎದ್ದಾಗ ಹೊಸ ಬಣ್ಣ ಬಳಿದುಕೊಂಡು ಬಂದಿತ್ತು, ಮೊದಲು ತೆರೆದಿಟ್ಟಿದ್ದ ಒಂದೂ ಅದಕ್ಕೆ ನೆನಪಿರಲಿಲ್ಲ, ನಮ್ಮನ್ನು ಇದೇ ಮೊದಲು ಕಂಡಂತೆ ಮತ್ತೆ ‘ಒಪ್ಪಿದೆ’ ಒತ್ತಲು ಕೇಳಿತು. ಬಂಡೆ ಬೀಳಲೇ ಇಲ್ಲ. ಸೆರಗು ಒಮ್ಮೆ ಬಿತ್ತು. ಆದರೆ ಎದ್ದಾಗ ಪ್ರತಿಯೊಬ್ಬರು ಎಲ್ಲಿ ಬಿಟ್ಟಿದ್ದರೋ ಅಲ್ಲೇ ತಂದು ನಿಲ್ಲಿಸಿತು. ಅರ್ಧ ಬರೆದ ಸಾಲು ಅರ್ಧಕ್ಕೇ ಇತ್ತು. ಮಗ್ಗದ ಮುಂದೆ ಬೆಳೆದವಳಾದ ನನಗೆ ಇದು ಕೂಡಲೇ ಅರ್ಥವಾಯಿತು. ಎಳೆ ಹರಿಯದ ಮಗ್ಗ ಎಲ್ಲೂ ಇಲ್ಲ. ಹರಿದ ಎಳೆಯನ್ನು ಹುಡುಕಿ ಕೈಗೆ ಕೊಡುವ ಮಗ್ಗವೇ ಗಟ್ಟಿ ಮಗ್ಗ. ಆದರೂ ಬೀಳದ ಬಂಡೆಯೇ ಮೇಲೇನೋ ಎಂದು ಮನಸ್ಸು ಕಚ್ಚುತ್ತಲೇ ಇತ್ತು.

ಎರಡನೆಯದು ಮೈಗೆ ಹೊಂದುತ್ತದೋ ಇಲ್ಲವೋ ಎಂದು ನೋಡುವುದು. ಕಾಶವ್ವ ಎಡಗೈಯವಳು. ದುಂಡಪ್ಪ ಕಾಕಾನಿಗೆ ಕಣ್ಣು ಮಂಜು, ಒಪ್ಪಿಕೊಳ್ಳುವುದಿಲ್ಲ. ಬಂಡೆಯಲ್ಲಿ ಎಲ್ಲವೂ ಬಲಗಡೆ, ಎಲ್ಲರಿಗೂ ಒಂದೇ ಅಳತೆಯ ಅಕ್ಷರ. ಬದಲಿಸಲು ಹೋದರೆ ‘ಹೀಗೇ ಚೆನ್ನಾಗಿದೆ’ ಎಂದು ತೋರಿಸುತ್ತಿತ್ತು. ನನ್ನ ಅಜ್ಜಿಯೂ ಹೀಗೇ ಅನ್ನುತ್ತಿದ್ದಳು, ಅವಳನ್ನೂ ಬದಲಿಸಲು ಆಗಲಿಲ್ಲ. ಮಿಂಚಿನಲ್ಲಿ ಬಣ್ಣ ಬದಲಿಸಬಹುದಿತ್ತು, ಬಣ್ಣ ಮಾತ್ರ. ಸೆರಗಿನಲ್ಲಿ ಕಾಶವ್ವ ಎಲ್ಲವನ್ನೂ ಎಡಗಡೆಗೆ ಎಳೆದುಕೊಂಡಳು. ದುಂಡಪ್ಪ ಕಾಕಾ ಯಾರೂ ನೋಡುತ್ತಿಲ್ಲವೆಂದುಕೊಂಡು ಅಕ್ಷರಗಳನ್ನು ಬದನೆಕಾಯಿ ಗಾತ್ರಕ್ಕೆ ಹಿಗ್ಗಿಸಿದ. ಎಲ್ಲರಿಗೂ ಅದೇ ಬಟ್ಟೆ, ಅವರವರು ಉಡುವ ರೀತಿ ಅವರವರದು.

ಮೂರನೆಯದು ಸುಳ್ಳಿನ ಪರೀಕ್ಷೆ. ಕಿಂಡಿ ನಮ್ಮ ಗುಟ್ಟು ಹೊರಗೆ ಹಾಕುತ್ತದೋ ಎಂದು ತಿಳಿಯಲು ಪ್ರತಿಯೊಂದಕ್ಕೂ ಬೇರೆ ಬೇರೆ ಸುಳ್ಳು ಹೇಳಿ, ಯಾವ ಸುಳ್ಳಿಗೆ ಬಂಡಿ ಬರುತ್ತದೆಂದು ಕಾಯುವುದು. ಸುಳ್ಳನ್ನು ಮಣೆಯ ಮೇಲೆ ಕೂತವರು ಒಬ್ಬರೇ, ಕೈಯಿಂದಲೇ ಬರೆಯಬೇಕು, ಬಾಯಿಂದ ಹೇಳಬಾರದು. ಗೋಡೆಗೂ ಕೇಳಬಾರದೆಂದು ಹಾಗೆ ಮಾಡಿದ್ದು. ಮಿಂಚಿನಲ್ಲಿ ಕೊಳಲು ಕಲಿಯಬೇಕು ಎಂದು ಹುಡುಕಿದೆ. ಬಂಡೆಯಲ್ಲಿ ಒಂಟೆ ಸಾಕುವುದು ಹೇಗೆ ಎಂದು. ಸೆರಗಿನಲ್ಲಿ ಹಲ್ಲಿನ ಸೆಟ್ ಬೇಕು ಎಂದು. ನನ್ನ ಹಲ್ಲುಗಳೆಲ್ಲ ಇನ್ನೂ ನೆಟ್ಟಗಿವೆ, ಆದರೂ ಅದನ್ನು ಬರೆದ ಮೇಲೆ ಒಂದೊಂದನ್ನೇ ಅಲ್ಲಾಡಿಸಿ ನೋಡಿಕೊಂಡೆ.

ಮರುದಿನವೇ ಕೊಳಲಿನ ಬಂಡಿಗಳು ಬಂದವು, ಒಂದರ ಹಿಂದೆ ಒಂದು. ‘ಗುರಸಿದ್ದವ್ವ ಸಂಗಪ್ಪ ಹಾದಿಮನಿ ಅವರೇ, ನಿಮ್ಮ ಉಸಿರಿಗೆ ತಕ್ಕ ಕೊಳಲು ತಂದಿದ್ದೇವೆ’ ಎಂದು ಕೂಗಿ, ತಾವೇ ಊದಿ ತೋರಿಸಿದವು. ಓಣಿಯ ನಾಯಿಗಳೆಲ್ಲ ದನಿಗೂಡಿಸಿದವು. ಮಿಂಚು ಅಲ್ಲಿಗೆ ಮುಗಿಯಿತು. ದುಂಡಪ್ಪ ಕಾಕಾ, “ಒಂದ ಕೊಳಲ ತಗೋಬೇಕಿತ್ತವಾ, ಛಲೋ ಇದ್ದೂ” ಅಂದ. ಒಂಟೆ ಬರಲಿಲ್ಲ. ಹಲ್ಲಿನ ಬಂಡಿಯೂ ಬರಲಿಲ್ಲ. ದಿನಗಳು ಹೋದವು. ಕಾಶವ್ವ ಎಡಗೈ ಬೆರಳಿನಿಂದ ರೊಟ್ಟಿಯ ಹಿಟ್ಟಿನ ಮೇಲೆ ಏನೇನೋ ಗೆರೆ ಎಳೆದು ಅಳಿಸುವುದನ್ನು ನೋಡಿದೆ. ಸೆರಗೇ ಗಟ್ಟಿ ಎಂದುಕೊಂಡೆ.

ತೀರ್ಮಾನದ ಹಿಂದಿನ ದಿನ, ಎಲ್ಲರೂ ಕಟ್ಟೆಯ ಮೇಲೆ ಕೂತಿದ್ದಾಗ, ಬಾದಾಮಿ ಕಡೆಯಿಂದ ಒಬ್ಬ ಮನುಷ್ಯ ಕೈಯಲ್ಲಿ ಪೆಟ್ಟಿಗೆ ಹಿಡಿದು ಬಂದು ಕೇಳಿದ. “ಇಲ್ಲಿ ಗುರಸಿದ್ದಿ ಅಂದ್ರ ಯಾರ್ರೀ? ಹಲ್ಲ ಕೂಡಸಬೇಕಂತಲ್ಲ.”

ದುಂಡಪ್ಪ ಕಾಕಾ ತೊಡೆ ತಟ್ಟಿಕೊಂಡ. “ನಿನ್ನ ಸೆರಗಿಗೂ ಬಾಯಿ ಐತೆಲ್ಲವಾ. ಹಲ್ಲ ಬ್ಯಾರೆ ಹಚ್ಚಿಸಿಕೊಂಡು ಬಂದೈತಿ.” ನಾನು ಕಾಶವ್ವನ ಮುಖ ನೋಡಿದೆ. ಅವಳು ದಾಳಿಂಬೆ ಖಣ ಮುಟ್ಟಿದ ದಿನದ ಹಾಗೆಯೇ ಎದ್ದು ಒಳಗೆ ಹೋದಳು. ಇನ್ನು ಉಳಿದದ್ದು ಬಂಡೆ. ಅದರಲ್ಲಿ ಅವಳ ಎಡಗೈಗೆ ಜಾಗವಿಲ್ಲ. ಅವಳ ಕುಸುರಿ ತಲೆಯಲ್ಲೇ ಉಳಿಯುತ್ತದೆ, ಅದಕ್ಕೆ ಕಾರಣ ನಾನು ಎಂದುಕೊಂಡು ಕಟ್ಟೆಯಿಂದ ಏಳಲಾರದೆ ಕೂತೆ.

ಅಂಜುವವರ ಒಂದು ಗುಣ ಹೇಳುತ್ತೇನೆ. ನಾವು ಒಂದೇ ಮಾತನ್ನು ಬಿಡದೆ ತಿರುತಿರುಗಿಸಿ ನೋಡುತ್ತೇವೆ, ನಾಲಿಗೆ ಮುರಿದ ಹಲ್ಲಿನ ಹತ್ತಿರ ಹೋದಂತೆ. ಆ ಮನುಷ್ಯ ಕೇಳಿದ್ದನ್ನು ತಿರುಗಿಸುತ್ತಾ ತಿರುಗಿಸುತ್ತಾ ನನಗೆ ಹೊಳೆಯಿತು. ಆತ ನನ್ನನ್ನು ಗುರಸಿದ್ದಿ ಅಂದ. ಕಿಂಡಿಗೆ ಗೊತ್ತಿರುವುದು ನನ್ನ ಪೂರ್ತಿ ಹೆಸರು, ನನ್ನ ಅಪ್ಪನ ಹೆಸರು, ಮನೆತನದ ಹೆಸರು. ಬಂಡಿಗಳು ಕೂಗಿದ್ದೂ ಅದನ್ನೇ. ಗುರಸಿದ್ದಿ ಅನ್ನುವುದು ಓಣಿಯ ಬಾಯಿ ಮಾತ್ರ. ಎದ್ದು ಓಡಿದೆ. ಹಲ್ಲಿನವನು ಪೆಟ್ಟಿಗೆ ಎತ್ತಿಕೊಂಡು ಓಣಿ ದಾಟುತ್ತಿದ್ದ. ನಿನಗೆ ಯಾರು ಹೇಳಿದರಪ್ಪಾ ಎಂದು ಕೇಳಿದೆ. “ನಮ್ಮ ಅತ್ತಿಗಿ ಸಾವಂತ್ರೆವ್ವ ಹೇಳಿ ಕಳಸಿದ್ಲು” ಅಂದ.

ಸಾವಂತ್ರೆವ್ವ ಅತ್ತಿಯನ್ನು ಹಿಡಿದುಕೊಂಡು ಎಲ್ಲರ ಮುಂದೆ ಕೇಳಿದೆ. ಆಕೆಗೆ ನಾಚಿಕೆಯೂ ಆಗಲಿಲ್ಲ.

“ನಿನಗ ಹಲ್ಲಿನ ಸುದ್ದಿ ಯಾರ್ ಹೇಳಿದ್ರು ಅತ್ತಿ?”

“ಯಾರ್ ಹೇಳಬೇಕು, ನೀನ ಹೇಳಿದಿ.”

“ನಾ ಯಾವಾಗ ಹೇಳೀನಿ?”

“ನನ್ನ ಮಗ್ಗ ನಿಂತ್ರ ಸಾಕು, ಗ್ವಾಡಿ ಆಚಿಂದ ಕೇಳತೈತಿ. ಹ... ಲ್ಲಿ... ನ... ಸೆ... ಟ್ಟು. ಒಂದೊಂದ ಅಕ್ಷರ ಬಿಡಿಸಿ ಬಿಡಿಸಿ ಒದರತಿ. ಕೊಳಲಾನೂ ಕೇಳೀನಿ, ಒಂಟಿನೂ ಕೇಳೀನಿ. ನಮ್ಮ ಬಳಗದಾಗ ಒಂಟಿ ಸಾಕೋರಿಲ್ಲ, ಸುಮ್ಮಿದ್ದೆ. ಹಲ್ಲಿನಾಂವ ಅದಾನ, ಹೇಳಿ ಕಳಸಿದೆ. ಉಪಕಾರ ಮಾಡಿದ್ರ ಜಗಳಕ್ಕ ಬರತೀಯಲ್ಲ.”

ಬಿಸಿಲು ರಜೆಯವರು ನಾವೆಲ್ಲ ಹೀಗೆಯೇ. ಬಾಯಿ ಆಡಿಸದೆ ಓದಲು ನಮಗೆ ಯಾರೂ ಕಲಿಸಲಿಲ್ಲ. ಕೈ ಬರೆದದ್ದನ್ನೆಲ್ಲ ಬಾಯಿ ಹಿಂದಿನಿಂದ ಓದಿಕೊಂಡೇ ಬರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಕಿಂಡಿಗೆ ಬಾಯಿ ಇದೆಯೇ ಎಂದು ನಾನು ದಿನಗಟ್ಟಲೆ ಕಾದು ಕೂತಿದ್ದೆ, ಅದರ ಮುಂದೆ ಕೂತ ನನ್ನ ಬಾಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕಟ್ಟೆಯ ಮೇಲೆ ಮೊದಲು ನಕ್ಕವಳು ನಾನೇ. ಅಂಥ ನಗು ನನಗೆ ಎಷ್ಟೋ ವರ್ಷದಿಂದ ಬಂದಿರಲಿಲ್ಲ. ಸೆರಗು ನನ್ನ ಸುಳ್ಳನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿತ್ತು, ಹೊರಗೆ ಹಾಕಿದವಳು ನಾನೇ.

ದುಂಡಪ್ಪ ಕಾಕಾ ಅಷ್ಟಕ್ಕೇ ಬಿಡಲಿಲ್ಲ. “ಕಿಂಡಿ ಬಾಯಿ ಬಿಡಲಿಲ್ಲ, ಖರೆ. ಆದ್ರ ನೀ ಬಿಡತೀಯಲ್ಲ. ನಮ್ಮ ಓಣ್ಯಾಗ ಅರ್ಧ ಮಂದಿ ಹಿಂಗ ಒದರಿ ಓದೋರು. ಕಾಶವ್ವನ ಕುಸುರಿ ಗ್ವಾಡಿಯಿಂದ ಗ್ವಾಡಿಗೆ ಹೋಗಿ ಸಂಜಿಕ ಬಾದಾಮಿ ಮುಟ್ಟತೈತಿ.” ಆತ ಹೇಳಿದ್ದು ನ್ಯಾಯದ ಮಾತು. ನನಗೂ ಅದೇ ಭಯ ಆಗಲೇ ಶುರುವಾಗಿತ್ತು. ಆಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಕಾಶವ್ವ ಬಂದು ನನ್ನನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಸೆರಗಿನ ಮುಂದೆ ಕೂರಿಸಿದಳು. ಕೈಯಲ್ಲಿ ಬರೆದದ್ದನ್ನು ಅದೇ ನನ್ನ ಕಿವಿಯೊಳಗೆ ಮೆಲ್ಲಗೆ ಓದಿ ಹೇಳುವ ಹಾಗೆ ಮಾಡಬಹುದೋ ನೋಡೋಣ ಅಂದಳು. ಇಬ್ಬರೂ ಕೂತು ಅಲ್ಲಿ ಇಲ್ಲಿ ಒತ್ತಿದೆವು. ನಾನು ಒತ್ತುವ ಮುಂಚೆ ಪ್ರತಿಯೊಂದನ್ನೂ ಪೂರ್ತಿ ಓದಿಸಿದೆ, ಅವಳು ಬೇಸರ ಮಾಡಿಕೊಳ್ಳಲಿಲ್ಲ. ಕೊನೆಗೆ ಕಿವಿಯಲ್ಲಿ ಒಂದು ದನಿ ಬಂತು, ನಾನು ಬರೆದಷ್ಟನ್ನೇ, ನಾನು ಬರೆಯುವಷ್ಟೇ ನಿಧಾನವಾಗಿ. ಕಿವಿ ಕೇಳುತ್ತಿದ್ದರೆ ಬಾಯಿಗೆ ಕೆಲಸ ಉಳಿಯುವುದಿಲ್ಲ ನೋಡಿ, ತುಟಿ ತಾನೇ ಮುಚ್ಚಿಕೊಂಡಿತು. ಬಂಡೆಯಲ್ಲಿ ಇದು ಆಗುತ್ತಿತ್ತೇ? ಹೀಗೇ ಚೆನ್ನಾಗಿದೆ ಅನ್ನುತ್ತಿತ್ತು.

ಮರುದಿನ ಎಲ್ಲರೆದುರು ಮತ್ತೊಮ್ಮೆ ಪರೀಕ್ಷೆ ಆಯಿತು. ನಾನು ಒಳಗೆ ಮಣೆಯ ಮೇಲೆ ಕೂತು ಹೊಸ ಸುಳ್ಳು ಬರೆದೆ. ಸಾವಂತ್ರೆವ್ವ ಅತ್ತಿ ತನ್ನ ಮಗ್ಗ ನಿಲ್ಲಿಸಿ ಗೋಡೆಗೆ ಕಿವಿ ಹಚ್ಚಿ ಕೂತಳು, ಆಕೆಯ ಸುತ್ತ ಓಣಿಯ ಹೆಂಗಸರು ಉಸಿರು ಬಿಗಿಹಿಡಿದು ಕೂತರು. ಬಹಳ ಹೊತ್ತಾದ ಮೇಲೆ ಆಕೆ ಎದ್ದು ಹೊರಗೆ ಬಂದು, “ಏನೂ ಕೇಳವಲ್ದು. ಇನ್ನ ನಮಗ ಹೊತ್ತ ಹ್ಯಾಂಗ ಹೋಗಬೇಕು?” ಅಂದಳು. ಬಂಡಿಗಳಿಗೂ ಕಾದೆವು, ಒಂದೂ ಬರಲಿಲ್ಲ. ನಾನು ಸೆರಗು ಎಂದು ಹೇಳಿದೆ, ಓಣಿಯ ಮಗ್ಗಗಳನ್ನೆಲ್ಲ ಅದಕ್ಕೆ ಕಟ್ಟಿದರು. ಅವತ್ತೇ ಓದಲು ತೊಡಕಿದ್ದವರೆಲ್ಲ ಸಾಲು ಹಚ್ಚಿ ತಮ್ಮ ಕಿವಿಗೂ ದನಿ ಹಾಕಿಸಿಕೊಂಡರು. ಅದರಲ್ಲಿ ಮೊದಲು ನಿಂತವನು ದುಂಡಪ್ಪ ಕಾಕಾ, ಕಣ್ಣು ಮಂಜಾಗಿದೆ ಅಂತಲ್ಲ, ಸುಮ್ಮನೆ ಎಂದು ಹೇಳಿಕೊಂಡೇ.

ಕಾಶವ್ವ ಅವತ್ತು ಸಂಜೆಯಿಂದಲೇ ಬರೆಯಲು ಕೂತಳು. ಏನು ಬರೆಯುತ್ತಿದ್ದಾಳೆಂದು ನಾನು ನೋಡಲಿಲ್ಲ. ನೋಡಿದರೆ ನನ್ನ ಬಾಯಿ ಏನು ಮಾಡೀತೋ ಎಂಬ ಭಯ. ಮೊದಲ ಬಿಚ್ಚು ಎಂಬ ದಿನ ಊರಿನ ಎಲ್ಲ ಓಣಿಯವರು ಗುಡ್ಡದ ಕೆಳಗಿನ ಬಯಲಿಗೆ ಬಂದು ತಮ್ಮ ವರ್ಷದ ಹೊಸ ಖಣವನ್ನು ಎಲ್ಲರೆದುರು ಬಿಚ್ಚುತ್ತಾರೆ. ಅಂಥದ್ದೇ ಕುಸುರಿ ಬೇರೆ ಎಲ್ಲಾದರೂ ಕಂಡಿದ್ದರೆ ಅಲ್ಲೇ ಕೂಗಿ ಹೇಳಬೇಕು, ಆಗ ಅದು ಹೊಸದೆಂದು ಲೆಕ್ಕವಿಲ್ಲ. ಹೊಸದೆಂದು ಉಳಿದವುಗಳಲ್ಲಿ ಎಲ್ಲರೂ ಮೆಚ್ಚಿದ ಖಣದ ಓಣಿ ಗೆದ್ದಂತೆ. ಕಾಶವ್ವ ಬಿಚ್ಚಿದಳು. ಕಪ್ಪು ಮೈ, ಕೆಂಪು ದಡಿ. ಒಡಲ ತುಂಬ ಮುಚ್ಚಿದ ದಾಳಿಂಬೆಗಳು. ಮೊದಲ ನೋಟಕ್ಕೆ ಅಷ್ಟೇ. ಅವಳು ಬಟ್ಟೆಯನ್ನು ಬಿಸಿಲಿಗೆ ಸ್ವಲ್ಪ ಓರೆ ಮಾಡಿದಳು. ಪ್ರತಿ ಹಣ್ಣಿನ ಒಳಗೂ ರೆಕ್ಕೆ ಮಡಚಿಕೊಂಡ ಹಕ್ಕಿಗಳು ಕಂಡವು. ನೆಟ್ಟಗೆ ಹಿಡಿದರೆ ಮತ್ತೆ ಹಣ್ಣು. ಕಳುವಾದ ಕುಸುರಿಯ ಹಕ್ಕಿಗಳನ್ನೇ ಅವಳು ಓರೆ ಹಿಡಿದರಷ್ಟೇ ಕಾಣುವ ಹಾಗೆ ಮುಚ್ಚಿಟ್ಟು ಹೊಸ ಕುಸುರಿ ಮಾಡಿದ್ದಳು. ಕೂಗುವವರಿಗಾಗಿ ಊರ ಹಿರಿಯರು ಕಾದರು. ನಾನು ಕಣ್ಣು ಮುಚ್ಚಿಕೊಂಡೆ. ಯಾರೂ ಕೂಗಲಿಲ್ಲ. ಇಡೀ ಬಯಲಿನಲ್ಲಿ ಅದನ್ನು ಅವಳಿಗಿಂತ ಮೊದಲು ಕಂಡವರು ಒಬ್ಬರೂ ಇರಲಿಲ್ಲ. ಆ ಮೌನದಷ್ಟು ಸಿಹಿಯಾದದ್ದನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ. ಆಮೇಲೆ ಎದ್ದ ಚಪ್ಪಾಳೆಗೆ ಗುಡ್ಡದ ಪಾರಿವಾಳಗಳೆಲ್ಲ ಹಾರಿಹೋದವು. ದುಂಡಪ್ಪ ಕಾಕಾ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ, “ಏನವಾ, ಮುಂದಿನ ಸಲಕ್ಕ ನಾನೂ ಅಂಜೂದ ಕಲೀಬೇಕಂತೀನಿ. ಹೇಳಿಕೊಡತೀ ಏನು?”

ಹಿರಿಯರೇ, ನಿಮ್ಮ ಕೈಯಲ್ಲಿ ನಮಗಿಂತ ಹೆಚ್ಚು ಇದೆ. ಏಳು ವರ್ಷ ಕಾಯದೆ ಇವತ್ತೇ ಕಿಂಡಿ ಬದಲಿಸಬಹುದು. ಹಾಗಿದ್ದೂ ಯಾವುದೋ ಒಂದು ಮೊದಲಿನಿಂದ ಇದೆ ಎಂದು ಅದನ್ನೇ ಇಟ್ಟುಕೊಂಡು ಕೂತವರು ನಿಮ್ಮಲ್ಲಿ ಬಹಳ ಎಂದು ಕೇಳಿ ನನಗೆ ಸಂಕಟವಾಗಿದೆ. ಹೊಳಪು ನೋಡಿ ಮರುಳಾಗಬೇಡಿ. ಬಿದ್ದಾಗ ನಿಮ್ಮ ಎಳೆಯನ್ನು ಹುಡುಕಿ ಕೈಗೆ ಕೊಡುತ್ತದೋ ನೋಡಿ. ನಿಮ್ಮ ಕೈಗೆ, ನಿಮ್ಮ ಕಣ್ಣಿಗೆ ಬಗ್ಗುತ್ತದೋ ನೋಡಿ. ಒಂದು ಸಣ್ಣ ಸುಳ್ಳು ಹೇಳಿ, ಆ ಸುಳ್ಳು ಯಾರ ಬಾಗಿಲಿಗೆ ತಿರುಗಿ ಬರುತ್ತದೋ ಕಾದು ನೋಡಿ. ನಿಮ್ಮ ಮನೆಯಲ್ಲಿ ಬೀಗ ಹಾಕಿ ಮತ್ತೆ ತಿರುಗಿ ಬಂದು ಎಳೆದು ನೋಡುವವರು ಯಾರಾದರೂ ಇದ್ದರೆ ಅವರನ್ನು ನೋಡಿ ನಗಬೇಡಿ, ಕಿಂಡಿಯ ಮುಂದೆ ಅವರನ್ನೇ ಕೂರಿಸಿ. ನಿಮ್ಮ ಮಕ್ಕಳ ಮಕ್ಕಳಲ್ಲಿ ಒಬ್ಬಳು ತಲೆಯಲ್ಲಿ ಒಂದು ಕುಸುರಿ ಇಟ್ಟುಕೊಂಡು, ಬರೆಯಲೋ ಬೇಡವೋ ಎಂದು ಕೂತಿರುತ್ತಾಳೆ.

ಈ ಕಾಗದ ಬರೆಯುವಾಗ ಬೀದಿಯಲ್ಲಿ ಬಂಡಿಗಳು ಹೋಗುತ್ತಿವೆ. ಒಂದೂ ನನ್ನ ಹೆಸರು ಕೂಗುತ್ತಿಲ್ಲ, ಹಾಗೇ ಮುಂದೆ ಹೋಗುತ್ತಿವೆ. ಗೋಡೆಯ ಆಚೆ ಸಾವಂತ್ರೆವ್ವ ಅತ್ತಿಯ ಮಗ್ಗ ಬಹಳ ಹೊತ್ತಿನಿಂದ ನಿಂತಿದೆ. ನಾನು ನಿಮಗೆ ಏನು ಬರೆಯುತ್ತಿದ್ದೇನೆಂದು ತಿಳಿಯಲು ಕಿವಿ ಕೊಟ್ಟು ಕೂತಿದ್ದಾಳೆ. ಕೂತಿರಲಿ. ನಾನು ಬರೆಯುತ್ತಿರುವುದು ಸೆರಗಿನಲ್ಲಿ, ಅದರ ದನಿ ನನ್ನ ಕಿವಿಯಲ್ಲಿದೆ, ತುಟಿ ಮುಚ್ಚಿದೆ. ಇದನ್ನು ಓದಿದವರು ಈ ಓಣಿಯಲ್ಲಿ ಇನ್ನೂ ಯಾರೂ ಇಲ್ಲ. ಮೊದಲು ಓದುತ್ತಿರುವವರು ನೀವೇ.

ನಿಮ್ಮ,
ಗುರಸಿದ್ದವ್ವ
ಅಂಜಿಕೆಯ ಮಣೆಯವಳು